ಅವ್ವ ಕೇಳಿದ ಪೈರು

ಎಪ್ಪತ್ತರ ದಶಕದ ಶುರುವಿನಲ್ಲಿ ನನಗೆ ಕೆಲಸ ಸಿಕ್ಕಿದ್ದು ಹುಣಸೂರಿನ ಹೊರಗಿನ ಒಂದು ಹಳೆಯ ಹೊಗೆಸೊಪ್ಪಿನ ಗೋದಾಮಿನಲ್ಲಿ. ಬೆಂಗಳೂರಿನ ಸಂಶೋಧಕರು ಅದನ್ನು ಬಾಡಿಗೆಗೆ ಹಿಡಿದು, ಸುಣ್ಣ ಹೊಡೆಸಿ, ಒಳಗೆ ಕೋತಿಗಳ ಬೋನು ಇಟ್ಟಿದ್ದರು. ಎಷ್ಟು ಸುಣ್ಣ ಹೊಡೆದರೂ ಹೊಗೆಸೊಪ್ಪಿನ ಘಾಟು ಹೋಗಲಿಲ್ಲ. ಕೋತಿಗಳೂ ಸೀನುತ್ತಿದ್ದವು, ನಾವೂ ಸೀನುತ್ತಿದ್ದೆವು. ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಾಡಿಯವರು ಅವುಗಳನ್ನು ಹಿಡಿದು ತಂದುಕೊಡುತ್ತಿದ್ದರು.

ಕೋತಿಗೆ ಮಂಪರಿನ ಸೂಜಿ ಹಾಕಿ ಮೇಜಿನ ಮೇಲೆ ಬೋರಲು ಮಲಗಿಸಿ, ಸೊಂಟದ ಮೂಳೆಯ ಮೇಲಿನ ಕೂದಲು ಬೋಳಿಸಿ ಕೊಡುವುದು ನನ್ನ ಕೆಲಸ. ಡಾಕ್ಟರು ದಪ್ಪ ಸೂಜಿಯನ್ನು ತಿರುಗಿಸುತ್ತಾ ಮೂಳೆಯೊಳಕ್ಕೆ ಇಳಿಸುತ್ತಿದ್ದರು. ಸಿರಿಂಜಿಗೆ ಗಟ್ಟಿ ಕೆಂಪು ಮಜ್ಜೆ ಏರುತ್ತಿತ್ತು. ಅದನ್ನು ಐಸ್ ನಡುವೆ ಇಟ್ಟು ಬೆಂಗಳೂರಿಗೆ ಕಳಿಸುತ್ತಿದ್ದೆವು. ಅಲ್ಲಿ ಬೇರೆ ಕೋತಿಗಳಿಗೆ ಕೊಟ್ಟು, ಹೊಸ ರಕ್ತ ಹುಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಎಚ್ಚರವಾದ ಕೋತಿ ಬೋನಿನ ಮೂಲೆಗೆ ಸರಿದು, ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ನಮ್ಮನ್ನೇ ನೋಡುತ್ತಿತ್ತು. ಆ ನೋಟ ನನಗೆ ಆಗುತ್ತಿರಲಿಲ್ಲ. ಬೆನ್ನು ತಿರುಗಿಸಿ, ಸೂಕ್ಷ್ಮದರ್ಶಕದಲ್ಲಿ ಮಜ್ಜೆ ನೋಡುವ ಗಾಜಿನ ಸ್ಲೈಡು ತೊಳೆಯುತ್ತಿದ್ದೆ.

ನಮ್ಮೂರು ಮಿರ್ಲೆ. ಕೋತಿ ಸತ್ತರೆ ಹೂ ಹಾಕಿ, ತಮಟೆ ಬಡಿಸಿ ಮಣ್ಣು ಮಾಡುವ ಜನ. ಅಲ್ಲಿ ಹೋಗಿ ನನ್ನ ಕೆಲಸ ಏನೆಂದು ಹೇಳಲಿ? ಮಜ್ಜೆ ಅಂದರೆ ಅವ್ವನಿಗೆ ನಲ್ಲಿಮೂಳೆ ಸಾರು ನೆನಪಾಗಿ, ಮಗಳು ಕೋತಿ ತಿನ್ನುವವರ ಜೊತೆ ಸೇರಿದಳು ಎಂದುಕೊಂಡರೆ ಕಷ್ಟ. ಅದಕ್ಕೇ, "ಮೂಳೆಯೊಳ್ಗೆ ರಕ್ತದ ಬೀಜ ಇರ್ತದೆ ಕಣವ್ವ, ಅದ ತೆಗಿತೀವಿ" ಅಂದಿದ್ದೆ. ಬೀಜ ಮರ್ಯಾದಸ್ಥ ಮಾತು. ಅವ್ವ ಆಂಜನೇಯನ ಪಟಕ್ಕೆ ಕೈ ಮುಗಿದಳು.

ಆಮೇಲೆ ಅಕ್ಕ ಕಾಯಿಲೆ ಬಿದ್ದಳು. ಮೈಮೇಲೆ ನೀಲಿ ಕಲೆ, ವಸಡಿನಲ್ಲಿ ರಕ್ತ. ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತುಹೋಗಿದೆ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳಿದರು. ರಕ್ತ ಏರಿಸಿ ಕಳಿಸಿದರೆ ಸ್ವಲ್ಪ ದಿನ ಓಡಾಡಿಕೊಂಡಿರುತ್ತಿದ್ದಳು, ಮತ್ತೆ ಸುಣ್ಣದಂತೆ ಬಿಳಿಚಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಅವ್ವ ಹೇಳದೆ ಕೇಳದೆ ಗೋದಾಮಿನ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಮುಚ್ಚಳದ ಡಬ್ಬಿ. ತೆಗೆದು ನೋಡಿದರೆ ಒಳಗೆ ಒದ್ದೆ ಬಟ್ಟೆ ಹಾಸಿತ್ತು. ಭತ್ತದ ಪೈರು ತರುವಾಗ ಬೇರು ಒಣಗದಿರಲಿ ಎಂದು ಹಾಗೆ ಮಾಡುತ್ತಾಳೆ. ನನಗೆ ಅರ್ಥವಾಗಿ ತಟಕ್ಕನೆ ಮುಚ್ಚಳ ಹಾಕಿದೆ. ಅವಳು ನನ್ನನ್ನು ದಾಟಿ ಡಾಕ್ಟರ ಮುಂದೆ ಹೋದಳು.

"ಒಬ್ರು ಬೀಜ ಚೆಲ್ಲಿದ್ ಒಟ್ಲು ಕೊಳ್ತೋದ್ರೆ ಪಕ್ಕದ ಗದ್ದೆಯೋರು ಮಿಕ್ಕಿದ ಪೈರು ಕೊಡಕಿಲ್ವಾ ಸ್ವಾಮಿ? ಅಂಗೇ ಅಂದ್ಕಳಿ. ನನ್ ದೊಡ್ ಮಗ್ಳ ಒಟ್ಲು ಕೊಳ್ತೋಗದೆ. ನಿಮ್ಮತ್ರ ಬೀಜ ಅದಂತಲ್ಲಾ, ಒಂದೀಟು ಕೊಡಿ."

ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ಅವತ್ತೇ ಕೆಲಸ ಬಿಡುತ್ತಿದ್ದೆ. "ಕೋತಿಯದು ಮನುಷ್ಯರಿಗೆ ಹಿಡಿಯೋಲ್ಲಮ್ಮ. ಕೋತಿಯಿಂದ ಕೋತಿಗೆ ಕೊಟ್ರೇನೇ ಎಷ್ಟೋ ಸಲ ಸತ್ತುಹೋಗ್ತವೆ" ಎಂದರು.

"ಅಂಗಾರೆ ನಂದ ತಗಳಿ."

ಅವ್ವ ಸೆರಗು ಸರಿಸಿ, ಕೋತಿಗಳನ್ನು ಮಲಗಿಸುವ ಮೇಜಿಗೆ ಕೈಯೂರಿ, ಸೊಂಟ ತೋರಿಸಿ ನಿಂತಳು. ಬೋನಿನೊಳಗೆ ಕೋತಿಗಳು ಗಲಾಟೆ ಎಬ್ಬಿಸಿದವು.

"ನಮಗೆ ಇನ್ನೂ ಬರೋಲ್ಲಮ್ಮ. ಕಲೀತಾ ಇದೀವಿ."

"ಯಾವಾಗ ಕಲ್ತೀರಾ ಸ್ವಾಮಿ?"

ಅವರು ಗೊತ್ತಿಲ್ಲ ಅಂದರು. ಅವ್ವ ಸೆರಗು ಸರಿ ಮಾಡಿಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ನಾನು ಕೊಡಿಸಿದ ಕಾಫಿಯನ್ನೂ ಮುಟ್ಟಲಿಲ್ಲ. ನನಗೆ ಡಾಕ್ಟರ ಮೇಲೆ, ಅವ್ವನ ಮೇಲೆ, ಬೀಜ ಎಂದ ನನ್ನ ಬಾಯಿಯ ಮೇಲೆ, ಎಲ್ಲರ ಮೇಲೂ ಸಿಟ್ಟು.

ಆ ಭಾನುವಾರ ಊರಿಗೆ ಹೋದಾಗ ಅಕ್ಕ ಮಲಗಿದ್ದಲ್ಲೇ ನನ್ನನ್ನು ರೇಗಿಸಿದಳು. "ಕೊಡ್ದೇ ಇದ್ದದ್ದೇ ಒಳ್ಳೇದಾಯ್ತು ಬುಡೆ. ಬಾಲ ಬಂದಿದ್ರೆ ನಿಮ್ ಬಾವ ಮನೆ ಬುಟ್ಟು ಓಡೋಗೋನು." ನಗುವಾಗ ಅವಳ ಹಲ್ಲಿನ ಸಂದಿಯೆಲ್ಲ ಕೆಂಪಾಗಿತ್ತು. ನಾನೂ ನಕ್ಕೆ. ಹಿತ್ತಲಿಗೆ ಹೋಗಿ ಅತ್ತೆ.

ಗದ್ದೆ ಕುಯಿಲಿಗೆ ಮುಂಚೆಯೇ ಅಕ್ಕ ಹೋದಳು. ಕಣ್ಣಿಗೆ ಕಾಣದ ಒಂದಿಷ್ಟು ಕಣ ಅವಳ ಮೂಳೆಯಲ್ಲಿ ಹುಟ್ಟಲಿಲ್ಲ, ಅಷ್ಟೇ. ಅಂಥವನ್ನು ನಾನು ದಿನಾ ಸ್ಲೈಡಿನಲ್ಲಿ ನೋಡಿ, ತೊಳೆದು, ಒರೆಸಿ ಇಡುತ್ತಿದ್ದೆ.

ತಿಥಿ ಮುಗಿದ ಮೇಲೆ ಪಕ್ಕದ ಮನೆಯಾಕೆ ಬಂದು ಜಗಲಿಯಲ್ಲಿ ಅವ್ವನ ಜೊತೆ ಕೂತಿದ್ದಳು. ನಾನು ಒಳಗೆ ಬಾಗಿಲ ಮರೆಯಲ್ಲಿದ್ದೆ.

"ನಿನ್ ಕಿರೀ ಮಗ್ಳು ಅದೇ ಕೆಲ್ಸದಾಗೆ ಅವ್ಳಲ್ಲವ್ವಾ, ಏನೂ ಮಾಡಕಾಗ್ನಿಲ್ವಾ?" ಎಂದು ಆಕೆ ಕೇಳಿದಳು.

"ಇವ್ಳ ಕೈಯಾಗೇ ಇತ್ತು ಕಣವ್ವ" ಅಂದಳು ಅವ್ವ. "ಕೊಡಾಕೆ ಅವ್ರು ಬುಡ್ನಿಲ್ಲ. ನನ್ ಮಗ್ಳುದೇನೂ ತಪ್ಪಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲವ್ವ ಎಂದು ಹೇಳಲು ಎದ್ದೆ, ಹೊಸಿಲವರೆಗೂ ಹೋದೆ. ಹೇಳಿದರೆ, ಅಕ್ಕನಿಗೆ ಕೊಡುವಂಥ ಪೈರು ಈ ಲೋಕದಲ್ಲಿ ಯಾರ ಹತ್ತಿರವೂ ಇರಲಿಲ್ಲ ಎಂದು ಅವ್ವ ನಂಬಬೇಕಾಗುತ್ತಿತ್ತು. ಒಳಗೆ ಬಂದು ಕೂತುಬಿಟ್ಟೆ.