ಗರಗಸ ಮೀನಿನ ವಾರಸುದಾರರು

ಮೊಟ್ಟೆ ಮಾರುವ ಅಂಗಡಿಯಲ್ಲಿ ಬ್ರೆಡ್ಡನ್ನೂ ಕೊಳ್ಳದ ಮನೆ ನಮ್ಮದು. ಅಂಥ ಮನೆಯ ಹಾಲಿನಲ್ಲಿ, ದೇವರ ಗೂಡಿನಿಂದ ಮೂರೇ ಮೊಳ ದೂರದಲ್ಲಿ, ಒಂದು ಮೀನಿನ ಮೂತಿ ಹನ್ನೆರಡು ವರ್ಷ ಮೊಳೆಗೆ ನೇತಾಡಿಕೊಂಡಿತ್ತು.

ಗರಗಸ ಮೀನು ಎಂದು ಅದರ ಹೆಸರು. ಸಮುದ್ರದ್ದು. ಮೂತಿಯೇ ಒಂದು ತೋಳುದ್ದ, ಹಲಗೆಯ ಹಾಗೆ ಚಪ್ಪಟೆ, ಎರಡೂ ಅಂಚಿಗೆ ಹಲ್ಲು. ಭದ್ರಾವತಿಯ ನಮ್ಮ ಮನೆಗೆ ಅದು ಬಂದದ್ದು ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ತಮಿಳನಿಂದ. ಅಪ್ಪ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಬಡಗಿ. ಎರಕ ಹೊಯ್ಯುವ ಮೊದಲು, ಕಬ್ಬಿಣ ಯಾವ ಆಕಾರಕ್ಕೆ ಬರಬೇಕೋ ಅದನ್ನು ಮರದಲ್ಲಿ ಮಾಡಿಕೊಡುವ ಕೆಲಸ. ಒಂದೇ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷ ಅಪ್ಪನ ಎಡಕ್ಕೆ ನಿಂತು ಕೆಲಸ ಮಾಡಿದ ಆ ಮನುಷ್ಯನನ್ನು ಅಪ್ಪ ‘ಅಣ್ಣ’ ಎನ್ನುತ್ತಿದ್ದ, ನಾವು ಮಕ್ಕಳು ‘ಮಾಮ’ ಎನ್ನುತ್ತಿದ್ದೆವು. ಮಾಮನ ಅಪ್ಪ ದಕ್ಷಿಣದ ಕಡಲಿನಲ್ಲಿ ಮೀನು ಹಿಡಿಯುತ್ತಿದ್ದವನು. ಆ ಮೀನು ಅವನ ಬಲೆಗೆ ಬಿದ್ದದ್ದು. ಮುಂದೊಂದು ದಿನ ಅವನು ದೋಣಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಮಾಮನಿಗೆ ತನ್ನ ಅಪ್ಪನ ಗುರುತು ಅಂತ ಉಳಿದದ್ದು ಆ ಮೂತಿ ಒಂದೇ.

ಮಾಮ ಸ್ವಯಂನಿವೃತ್ತಿ ತೆಗೆದುಕೊಂಡು ಊರಿಗೆ ಹೊರಟ ದಿನ ಬಸ್ಸಿನ ಕಂಡಕ್ಟರು ಅದನ್ನು ಹತ್ತಿಸಲು ಒಪ್ಪಲಿಲ್ಲ. ಬ್ರೇಕ್ ಹಾಕಿದರೆ ಯಾರ ಹೊಟ್ಟೆಗೆ ಚುಚ್ಚುತ್ತದೋ ಯಾರಿಗೆ ಗೊತ್ತು ಎಂದನಂತೆ. “ಇಟ್ಟಿರು ತಂಬಿ, ಬಂದು ತಗೊಂಡೋಗ್ತೀನಿ” ಎಂದು ಮಾಮ ಅದನ್ನು ಅಪ್ಪನ ಕೈಗೆ ಕೊಟ್ಟು ಹೋದ.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಮೀನು ಒಳಗೆ ಬಂದರೆ ತಾನು ಹೊರಗೆ. ಅಪ್ಪ ಏನೂ ವಾದ ಮಾಡದೆ ಅದನ್ನು ತನ್ನ ಗರಗಸಗಳ ಪಕ್ಕದಲ್ಲಿ ಒರಗಿಸಿಟ್ಟ. ಅಮ್ಮ ಎರಡು ದಿನ ದೂರದಿಂದಲೇ ನೋಡಿದಳು. ಮೂರನೇ ದಿನ ತೀರ್ಪು ಬಂತು: ಇದು ಮೀನಲ್ಲ, ಹತ್ಯಾರು. ಅದು ಹಾಲಿನ ಮೊಳೆಗೆ ಏರಿತು. ಅಂದಿನಿಂದ ಪ್ರತಿ ಆಯುಧಪೂಜೆಗೆ ಅಮ್ಮ ಅದಕ್ಕೆ ಎಳ್ಳೆಣ್ಣೆ ಸವರಿ, ವಿಭೂತಿ ಇಟ್ಟು, ಚೆಂಡುಹೂ ಮುಡಿಸುತ್ತಿದ್ದಳು. ಮನೆಗೆ ಬಂದವರು ಬೆರಗಾಗಿ ನೋಡಿದರೆ ಅಪ್ಪ ಕೇಳುವ ಮೊದಲೇ “ನಮ್ದಲ್ಲ, ಅಣ್ಣಂದು” ಎನ್ನುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಅಪ್ಪನೂ ನಿವೃತ್ತನಾಗಿದ್ದ. ಒಂದು ಭಾನುವಾರ ಮಾಮನ ಫೋನು ಬಂತು. ಊರಿನಲ್ಲಿ ಮನೆ ಕಟ್ಟಿ ಮುಗಿಸಿದ್ದಾನೆ, ಬಾಗಿಲ ಮೇಲೆ ತನ್ನ ಅಪ್ಪನ ಗುರುತು ಹಾಕಬೇಕು, ಬಂದು ತೆಗೆದುಕೊಂಡು ಹೋಗುತ್ತಾನೆ. ಆದರೆ ಒಂದು ತೊಡಕು. ಸರ್ಕಾರದವರು ಈ ಮೀನನ್ನು ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ ಹುಲಿಯ ಪಕ್ಕದಲ್ಲಿ ಕೂರಿಸಿದ್ದಾರೆ. ಹಳೆಯದನ್ನು ಮನೆಯಲ್ಲಿ ಇಟ್ಟುಕೊಂಡವರು ಅರಣ್ಯ ಕಚೇರಿಗೆ ಘೋಷಣೆ ಕೊಟ್ಟು ಪ್ರಮಾಣಪತ್ರ ಪಡೆಯಬೇಕು, ಅದಕ್ಕೂ ಗಡುವಿದೆ. ಪತ್ರ ಇಲ್ಲದೆ ದಾರಿಯಲ್ಲಿ ಸಿಕ್ಕರೆ ಮೂತಿಯೂ ಹೋಯಿತು, ಮನುಷ್ಯನೂ ಹೋದ. “ಕಾಗದ ಮಾಡ್ಸು ತಂಬಿ” ಎಂದ ಮಾಮ.

ತಂಬಿ ಮಾಡಿಸುವುದೆಂದರೆ ತಂಬಿಯ ಮಗಳು ಮಾಡಿಸುವುದು. ನಾನಾಗ ಶಿವಮೊಗ್ಗದ ವಿನೋಬನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದೆ. ಭದ್ರಾವತಿಯಿಂದ ದಿನಾ ಬಸ್ಸು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಸ್ಟಾಫ್ ರೂಮಿನಲ್ಲಿ ಹೆಸರಾಗಿದ್ದೆ. ಇಂಥ ಕೆಲಸಕ್ಕೆ ಅದೇ ಬೇಕಾದ ಅರ್ಹತೆ ಎಂದು ಅಮ್ಮ ನನ್ನನ್ನೇ ಕಳಿಸಿದಳು.

ಅರಣ್ಯ ಕಚೇರಿಯ ಗುಮಾಸ್ತರು ಒಳ್ಳೆಯವರು, ಆದರೆ ಅವರಿಗೆ ಗೊತ್ತಿದ್ದದ್ದು ಆನೆ, ಜಿಂಕೆ ಕೊಂಬು, ಕದ್ದ ಗಂಧದ ಮರ. ಕಡಲಿನಿಂದ ಒಂದು ಗಿರಾಕಿ ಬರುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. “ಮೀನು ಅಂದ್ರೆ ಮೀನುಗಾರಿಕೆಯೋರ ಹತ್ರ ಹೋಗಿ ಮೇಡಂ” ಎಂದರು. ಅಲ್ಲಿಗೆ ಹೋದೆ. ಅವರು ಕೆರೆಗೆ ಬಿಡುವ ಮೀನುಮರಿ ಎಷ್ಟು ಸಾವಿರ ಬೇಕು ಎಂದು ಕೇಳಿದರು. ಬರೀ ಮೂತಿ ಎಂದೆ. “ಮೈ ಎಲ್ಲಿದೆ?” ಎಂದರು. ನಾನು ವಾಪಸು ಬಂದೆ.

ಕೊನೆಗೆ ಗುಮಾಸ್ತರು ಒಂದು ಫಾರಂ ಹುಡುಕಿ ಕೊಟ್ಟರು. ಪ್ರಾಣಿ ಗಂಡೋ ಹೆಣ್ಣೋ, ಕೊಟ್ಟಿಗೆಯ ಅಳತೆ ಎಷ್ಟು, ಆಹಾರ ಏನು, ಗುರುತಿನ ಚಿಹ್ನೆ ಯಾವುದು ಎಂದೆಲ್ಲ ಇತ್ತು. ನಾನು ತೋಚಿದ್ದನ್ನು ತುಂಬಿದೆ. ಸಿಕ್ಕಿಬಿದ್ದದ್ದು ಮಾಲೀಕರ ಹೆಸರಿನ ಜಾಗದಲ್ಲಿ. ಅಪ್ಪ ಹೇಳಿದ ಹಾಗೆ ಮಾಮನ ಹೆಸರು ಬರೆದಿದ್ದೆ.

“ಮಾಲೀಕರು ತಮಿಳುನಾಡಲ್ಲಿದ್ರೆ ಅರ್ಜಿ ಅಲ್ಲೇ ಕೊಡ್ಬೇಕು. ವಸ್ತು ಅವರ ಹತ್ರ ಇರ್ಬೇಕು.”

“ಸರಿ, ಕಳಿಸ್ತೀವಿ.”

“ಕಳಿಸೋಕೆ ಪರ್ಮಿಟ್ ಬೇಕು.”

“ಕೊಡಿ.”

“ಪ್ರಮಾಣಪತ್ರ ಇದ್ದೋರಿಗೇ ಪರ್ಮಿಟ್ಟು.”

ವೃತ್ತಕ್ಕೆ ತುದಿ ಇಲ್ಲ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಆದರೂ ಅದರೊಳಗೆ ನಿಂತು ನೋಡಿದ್ದು ಅವತ್ತೇ ಮೊದಲು. ಗುಮಾಸ್ತರಿಗೇ ಕನಿಕರ ಹುಟ್ಟಿ, “ನಿಮ್ಮ ತಂದೆಯವರದ್ದೇ ಅಂತ ಬರ್ದುಬಿಡಿ ಮೇಡಂ, ಯಾರು ಕೇಳ್ತಾರೆ?” ಎಂದರು. ಮರುದಿನ ಅಪ್ಪನನ್ನೇ ಕರೆದುಕೊಂಡು ಹೋದೆ. ಅಪ್ಪ ಪೆನ್ನು ಮುಟ್ಟಲಿಲ್ಲ.

“ಅಣ್ಣಂದನ್ನ ನಂದು ಅಂತ ಹೆಂಗೆ ಬರೀಲಿ ಸಾರ್? ಬಂದ್ರೆ ಕೊಡ್ತೀನಿ ಅಂತ ಮಾತು ಕೊಟ್ಟಿದೀನಿ.”

“ನಿಮ್ಮದು ಅಂತ ಬರೆದ ಮೇಲೆ ಕೊಡೋ ಹಾಗೂ ಇಲ್ಲ” ಎಂದರು ಗುಮಾಸ್ತರು, ಕನ್ನಡಕ ಏರಿಸಿ ನಿಯಮದ ಹಾಳೆ ನೋಡುತ್ತ. “ಮಾರೋ ಹಾಗಿಲ್ಲ, ದಾನ ಮಾಡೋ ಹಾಗಿಲ್ಲ. ವಾರಸುದಾರರಿಗೆ ಮಾತ್ರ. ಅವರು ಸ್ವಂತ ಅಣ್ಣ ಆಗಿದ್ರೆ ಪಿತ್ರಾರ್ಜಿತ ಅಂತ ಮಾಡಬಹುದಿತ್ತು. ಏನು, ಅಣ್ಣ ಅಂದ್ರಲ್ಲ, ಸ್ವಂತ ಅಣ್ಣನಾ?”

“ಮತ್ತೆ?” ಎಂದ ಅಪ್ಪ.

ನಾನು ಮೇಜಿನ ಕೆಳಗೆ ಅಪ್ಪನ ಕಾಲು ತುಳಿದೆ. ಅಪ್ಪ ಕಾಲು ಸರಿಸಿಕೊಂಡ. ಗುಮಾಸ್ತರು ಹಾಗಾದರೆ ವಂಶವೃಕ್ಷ ತನ್ನಿ ಎಂದರು. ಹೊರಗೆ ಬಂದು ಜಗಳವಾಡಿದೆ. ‘ನನ್ನದು’ ಎನ್ನಲು ಮನಸ್ಸಾಗದ ಸತ್ಯವಂತ ಇಷ್ಟು ದೊಡ್ಡ ಸುಳ್ಳು ಹೇಳಬಹುದೇ ಎಂದು ಕೇಳಿದೆ. “ನಂದು ಅನ್ನೋದು ಸುಳ್ಳು. ಅಣ್ಣ ಅನ್ನೋದ್ರಲ್ಲಿ ಸುಳ್ಳೆಲ್ಲಿ ಬಂತು?” ಎಂದು ಅಪ್ಪ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಫೋನಿನಲ್ಲಿ ಮಾಮನನ್ನು ಕೇಳಿದರೆ ಅವನೂ ಅದೇ ಗೋತ್ರ. “ನಮ್ಮಪ್ಪಂಗೆ ಸಮಾಧಿನೂ ಇಲ್ಲ. ನಿಮ್ಮ ತಾತನ ಹೆಸರೇ ಹಾಕಮ್ಮ, ನಂಗೆ ಸಂತೋಷ” ಎಂದ. ಸ್ಕೇಲು ಪೆನ್ಸಿಲ್ಲು ಹಿಡಿದು ವಂಶವೃಕ್ಷ ಬರೆದೆ. ತಾತನಿಗೆ ಇಬ್ಬರು ಗಂಡುಮಕ್ಕಳಾದರು.

ಗಲಾಟೆ ಎಬ್ಬಿಸಿದ್ದು ಅಮ್ಮ. “ಅವರು ಭಾವ ಆಗಿದ್ರೆ ಮೊದಲೇ ಹೇಳ್ಬಾರದಾ? ಭಾವನ ಎದುರಿಗೆ ಇಷ್ಟು ವರ್ಷ ಗಂಟಲು ಹರ್ಕೊಂಡು ಜಗಳ ಆಡಿದ್ನಲ್ಲ, ನನ್ನ ಮರ್ಯಾದೆ ಏನಾಗ್ಬೇಕು?” ಅವಳು ತಮಾಷೆ ಮಾಡುತ್ತಿದ್ದಾಳೋ ನಿಜವಾಗಿ ನೊಂದಿದ್ದಾಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶಾನುಭೋಗರು ಮಹಜರಿಗೆ ಬಂದು ಬೀದಿಯ ಐದು ಜನರನ್ನು ಕೂಡಿಸಿದರು. ಇಂಥವರನ್ನು ಇವರ ಅಣ್ಣ ಎಂದು ಬಲ್ಲಿರಾ? ಬಲ್ಲೆವು. ಐದಕ್ಕೆ ಐದೂ ಜನ ಪ್ರಾಮಾಣಿಕವಾಗಿಯೇ ಹೇಳಿದರು. ಅಪ್ಪನ ಬಾಯಲ್ಲಿ ಬೇರೆ ಹೆಸರು ಅವರು ಕೇಳಿದ್ದೇ ಇಲ್ಲ. “ಅಲ್ರೀ, ಒಬ್ಬ ಅಣ್ಣ ತಮಿಳು ಮಾತಾಡ್ತಾರೆ ಅಂತೀರಿ” ಎಂದು ಶಾನುಭೋಗರು ರಾಗ ಎಳೆದಾಗ ಎದುರು ಮನೆಯ ತೆಲುಗಿನ ಅಜ್ಜಿ, “ಭದ್ರಾವತೀಲಿ ಯಾವ ಮನೇಲಿ ಒಂದೇ ಭಾಷೆ ಐತೆ ಸ್ವಾಮಿ?” ಎಂದು ಹೆಬ್ಬೆಟ್ಟು ಒತ್ತಿಯೇಬಿಟ್ಟಳು.

ಆಮೇಲೆ ಸ್ಥಳ ತನಿಖೆಗೆ ಗಾರ್ಡು ಬಂದ. ಟೇಪು ಹಿಡಿದು ಅಳೆದ. ಎಡಕ್ಕೆ ಇಪ್ಪತ್ತೊಂದು ಹಲ್ಲು, ಬಲಕ್ಕೆ ಇಪ್ಪತ್ತು. ಒಂದು ಹಲ್ಲು ಎಲ್ಲಿ ಹೋಯಿತು ಎಂದು ಅಮ್ಮನನ್ನು ಗದರಿಸುವ ದನಿಯಲ್ಲಿ ಕೇಳಿದ. ನಮ್ಮ ಕೈಗೆ ಬರುವಾಗಲೇ ಹಾಗಿತ್ತು ಎಂದಳು ಅಮ್ಮ, ಮದುವೆಯ ಗಂಡಿನ ವಿಷಯ ಹೇಳುವಂತೆ. ಆಹಾರ ಏನು ಕೊಡುತ್ತೀರಿ ಎಂಬ ಸಾಲು ಬಂದಾಗ ಅವನಿಗೂ ಸ್ವಲ್ಪ ನಾಚಿಕೆಯಾಯಿತು, ಆದರೆ ಖಾಲಿ ಬಿಟ್ಟರೆ ಸಾಹೇಬರು ಬೈಯುತ್ತಾರಂತೆ. ಅಮ್ಮ ಯೋಚಿಸಿ ಹೇಳಿದಳು. ಅವನು ಬರೆದುಕೊಂಡ: ‘ವರ್ಷಕ್ಕೊಂದು ಸಲ ಎಳ್ಳೆಣ್ಣೆ. ಆರೋಗ್ಯ ತೃಪ್ತಿಕರ.’

ಇಷ್ಟಾದ ಮೇಲೆ ಫೈಲು ಸಾಹೇಬರ ಮೇಜಿನಿಂದ ವಾಪಸು ಬಂತು. ಸಾಹೇಬರು ಗುಮಾಸ್ತರಷ್ಟು ಭೋಳೆಯಲ್ಲ. ತಮ್ಮನ ಹೆಸರು ಶಿವನದು, ಅಣ್ಣನ ಹೆಸರು ಏಸುವಿನ ಶಿಷ್ಯರೊಬ್ಬರದು, ಇದು ಹೇಗೆ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು. ಇಬ್ಬರೂ ಅಣ್ಣತಮ್ಮಂದಿರು ವಸ್ತುವಿನ ಸಮೇತ ಖುದ್ದು ಹಾಜರಾಗಬೇಕು. ಗಡುವಿಗೆ ಆಗ ಒಂದೇ ವಾರ ಬಾಕಿ. ಸುಳ್ಳೆಂದು ಕಂಡರೆ ಮೂತಿ ಜಪ್ತಿ, ಅದರ ಜೊತೆ ಸುಳ್ಳು ದಾಖಲೆ ಕೊಟ್ಟ ಮೊಕದ್ದಮೆ ಬೇರೆ. ಅಪ್ಪ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಜೈಲಿನ ಹೆದರಿಕೆಗಲ್ಲ. ಅಣ್ಣ ಅಷ್ಟು ದೂರದಿಂದ ಬಂದು ಬರಿಗೈಯಲ್ಲಿ ಹೋಗಬೇಕಾದರೆ ತಾನು ಯಾವ ಮುಖ ತೋರಿಸುವುದು ಎಂದು.

ಮಾಮ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೂತಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಮೂವರೂ ಶಿವಮೊಗ್ಗಕ್ಕೆ ಹೋದೆವು. ಸಾಹೇಬರು ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನನ್ನನ್ನೂ ಮಾಮನನ್ನೂ ಒಳಗೆ ಕರೆದರು. ಮನುಷ್ಯರನ್ನು ವಿಚಾರಿಸುವ ಫಾರಂ ಆ ಕಚೇರಿಯಲ್ಲಿ ಇರಲಿಲ್ಲವೋ ಏನೋ, ಪ್ರಾಣಿಗಳ ಫಾರಮ್ಮನ್ನೇ ಮುಂದಿಟ್ಟುಕೊಂಡು ಶುರು ಮಾಡಿದರು.

“ನಿಮ್ಮ ತಮ್ಮಂದು ಗುರುತಿನ ಚಿಹ್ನೆ ಹೇಳಿ.”

“ಎಡಗೈ ನಡುಬೆರಳು ತುದಿ ಇಲ್ಲ ಸಾರ್. ಮರ ಕೊಯ್ಯೋ ಬ್ಯಾಂಡ್‌ಸಾ ತಗೊಂಡೋಯ್ತು.”

“ಆಹಾರ?”

“ಏನು ಹಾಕಿದ್ರೂ ತಿಂತಾನೆ. ಹಾಗಲಕಾಯಿ ಮಾತ್ರ ನನ್ನ ಡಬ್ಬಿಗೆ ಹಾಕ್ತಿದ್ದ.”

ಸಾಹೇಬರು ನನ್ನ ಕಡೆ ನೋಡಿದರು. ಬೆರಳು ಸರಿ ಎಂದೆ. ಹಾಗಲಕಾಯಿ ತಪ್ಪು, ಅಪ್ಪನಿಗೆ ಅದೆಂದರೆ ಪ್ರಾಣ, ಅಮ್ಮ ವಾರಕ್ಕೆರಡು ಸಲ ಮಾಡಿ ಡಬ್ಬಿಗೆ ಹಾಕುತ್ತಿದ್ದಳು ಎಂದೆ. ಮಾಮ ನೆಲ ನೋಡಿದ. ಸಾಹೇಬರು ಏನೋ ಗೀಚಿಕೊಂಡರು.

“ಅಂಗದೋಷ ಏನಾದ್ರೂ?”

“ಎಡಗಿವಿ ಕೇಳ್ಸಲ್ಲ ಸಾರ್.”

“ಸುಳ್ಳು” ಎಂದೆ ನಾನು ತಟ್ಟನೆ. “ಅಪ್ಪನಿಗೆ ಕಿವಿ ಚೆನ್ನಾಗಿದೆ. ಬೇಡದ ಮಾತಿಗೆ ಉತ್ತರ ಕೊಡಲ್ಲ, ಅಷ್ಟೆ.”

“ಇಲ್ಲಮ್ಮ” ಎಂದ ಮಾಮ ಮೆಲ್ಲಗೆ. “ಮೆಷಿನ್ ಶಬ್ದಕ್ಕೆ ಹೋಯ್ತು. ಹೇಳಿದ್ರೆ ಮೆಡಿಕಲ್‌ನೋರು ಕೆಲಸಕ್ಕೆ ಆಗಲ್ಲ ಅಂತಾರೆ ಅಂತ ಯಾರಿಗೂ ಹೇಳ್ಲಿಲ್ಲ, ಮನೇಲೂ ಇಲ್ಲ. ನಾನು ಅದಕ್ಕೇ ಎಡಕ್ಕೆ ನಿಂತ್ಕೊಂಡೆ. ಯಾರಾದ್ರೂ ಕರೆದ್ರೆ ಮೊಣಕೈಯಲ್ಲಿ ತಿವೀತಿದ್ದೆ.”

ಸಾಹೇಬರು ಎದ್ದರು. ಬಾಗಿಲ ಹೊರಗೆ ಹೋಗಿ ಅಪ್ಪನ ಎಡಕ್ಕೆ ನಿಂತು, ಮೆಲುದನಿಯಲ್ಲಿ “ಯಜಮಾನ್ರೇ” ಎಂದರು. ಅಪ್ಪ ಎದುರು ಗೋಡೆಯ ಜಿಂಕೆ ಕೊಂಬು ನೋಡುತ್ತ ಕೂತಿದ್ದ. “ಯಜಮಾನ್ರೇ, ನಿಮ್ಮ ಮೀನು ಜಪ್ತಿ ಆಯ್ತು” ಎಂದರು. ಅಪ್ಪ ಕೊಂಬನ್ನೇ ನೋಡುತ್ತಿದ್ದ. ಸಾಹೇಬರು ಬೆಂಚು ಸುತ್ತಿ ಬಲಕ್ಕೆ ಬಂದು ಅಷ್ಟೇ ದನಿಯಲ್ಲಿ ಕರೆದರು. ಅಪ್ಪ ದಡಬಡಿಸಿ ಎದ್ದು ನಿಂತು ಕೈಮುಗಿದ.

ಒಳಗೆ ಬಂದು ಸಾಹೇಬರು ಸೀಲು ಹುಡುಕಿದರು. “ಅಣ್ಣತಮ್ಮ ಅನ್ನೋದ್ರಲ್ಲಿ ನಂಗೇನೂ ಅನುಮಾನ ಉಳಿದಿಲ್ಲ” ಎಂದರು ಗುಮಾಸ್ತರಿಗೆ. “ಈ ಮಗಳ ವಂಶವೃಕ್ಷ ಬೇಕಾದ್ರೆ ಒಂದ್ಸಲ ಚೆಕ್ ಮಾಡಿ.”

ಗುಮಾಸ್ತರು ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ, ಮುಖ ಉರಿಯುತ್ತಿತ್ತು. ಪ್ರಮಾಣಪತ್ರ, ಪರ್ಮಿಟ್ಟು ಎರಡೂ ಮಧ್ಯಾಹ್ನದೊಳಗೆ ಕೈಗೆ ಬಂದವು.

ಮೂವರೂ ಒಂದೇ ರೈಲು ಹತ್ತಿದೆವು. ಭದ್ರಾವತಿಯಲ್ಲಿ ನಾವು ಇಳಿದೆವು, ಮಾಮ ಮೂತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ಹೋದ. ಅಪ್ಪ ರೈಲು ಕಣ್ಣಿಗೆ ಕಾಣುವವರೆಗೂ ಕೈಯೆತ್ತಿ ನಿಂತಿದ್ದ. ಹನ್ನೆರಡು ವರ್ಷದ ಮಾತು ಉಳಿಸಿಕೊಂಡ ಖುಷಿ ಅವನ ಮುಖದಲ್ಲಿತ್ತು.

ಸ್ಟೇಷನ್ನಿನಿಂದ ಮನೆಗೆ ನಡೆಯುವಾಗ ನಾನು ಬೇಕೆಂದೇ ಅವನ ಬಲಕ್ಕೆ ಬಂದೆ. ಊಟಕ್ಕೆ ಕೂರುವಾಗ ನನ್ನ ಜಾಗ ಚಿಕ್ಕಂದಿನಿಂದ ಅವನ ಎಡಕ್ಕೆ. ಬಿ.ಎಸ್ಸಿ. ಮುಗಿದ ವರ್ಷ ಅಲ್ಲೇ ಕೂತು, ತಟ್ಟೆ ನೋಡುತ್ತ, ಅಪ್ಪ ನಾನು ಎಂ.ಎಸ್ಸಿ.ಗೆ ಸೇರಲಾ ಎಂದು ಕೇಳಿದ್ದೆ. ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ, ಅಷ್ಟೇ. ಬೇಡ ಎಂದಾದರೂ ಅನ್ನಬಾರದೇ ಎಂದು ನನಗೆ ಬೆಂಕಿಯಂಥ ಸಿಟ್ಟು ಬಂತು. ಮತ್ತೊಮ್ಮೆ ಕೇಳುವ ಜಾಯಮಾನ ನನ್ನದಲ್ಲ. ಬಿ.ಎಡ್. ಮಾಡಿ ಮೇಷ್ಟ್ರಾದೆ. ಅದಾದ ಮೇಲೆ ಹತ್ತು ವರ್ಷ ಅವನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದ್ದೆ.

“ಅಪ್ಪ, ನಾನು ಎಂ.ಎಸ್ಸಿ. ಓದ್ತೀನಿ ಅಂತ ನಿನ್ನ ಕೇಳಿದ್ನಲ್ಲ, ಆವತ್ತು ಯಾಕೆ ಏನೂ ಹೇಳ್ಲಿಲ್ಲ?”

ಅಪ್ಪ ನಿಂತ. ನಿಜಕ್ಕೂ ಆಶ್ಚರ್ಯವಾಗಿತ್ತು ಅವನಿಗೆ.

“ಯಾವಾಗ ಕೇಳಿದ್ದೆ ಮಾರಾಯ್ತಿ?” ಎಂದ.