ಜಯಸುಖಭಾಯಿ ಊದುವ ತೂತು

ರಾಜಕೋಟ್‌ನಲ್ಲಿ ಯಾರೇ ಹೊಸ ಮನೆಯ ಛಾವಣಿಗೆ ಉಯ್ಯಾಲೆ ಹಾಕಿಸಲಿ, ಕೊಕ್ಕೆ ಕೂರಿಸಲು ಜಯಸುಖಭಾಯಿಯೇ ಬರಬೇಕು; ಬಂದ ಮೇಲೆ ಯಾಕಾದರೂ ಕರೆದೆವೋ ಎಂದು ಹಲುಬಬೇಕು. ತೂತು ಕೊರೆಯುವುದು ಐದು ನಿಮಿಷ, ಅದನ್ನು ಊದುವುದು ಅರ್ಧ ದಿನ. ಊದುತ್ತಾರೆ, ಬ್ರಷ್ಷಿನಿಂದ ಉಜ್ಜುತ್ತಾರೆ, ಮತ್ತೆ ಊದುತ್ತಾರೆ. ಬೆಳಗ್ಗೆ ಬಂದವರು ಮಧ್ಯಾಹ್ನದ ಹೊತ್ತಿಗೆ ಮೀಸೆ ಬೆಳ್ಳಗಾಗಿ ತಮ್ಮ ಅಪ್ಪನಂತೆ ಕಾಣುತ್ತಾರೆ. "ಕೊಕ್ಕೆ ಹಾಕೋಕೆ ಬಂದ್ರೋ, ಕೊಳಲು ಊದೋಕೆ ಬಂದ್ರೋ ಭಾಯಿ?" ಎಂದು ಮನೆಯೊಡತಿ ಚುಚ್ಚಿದರೆ, "ತೂತಲ್ಲಿ ಚಿಟಿಕೆ ಧೂಳು ಉಳಿದ್ರೂ ಬೋಲ್ಟಿಗೆ ಹಾಕೋ ಅಂಟು ಧೂಳಿಗೇ ಹಿಡ್ಕೊಳ್ಳುತ್ತೆ ಬೆನ್, ಕಾಂಕ್ರೀಟಿಗಲ್ಲ. ಉಯ್ಯಾಲೆ ಖಾಲಿ ಇರೋವರೆಗೂ ಗಟ್ಟಿಯಾಗೇ ಇರುತ್ತೆ. ನೀವು ಕೂತ್ರೆ ಬೋಲ್ಟು ಚಹಾದಿಂದ ಚಮಚ ಎತ್ತಿದ ಹಾಗೆ ಜಾರಿ ಬರುತ್ತೆ" ಎನ್ನುತ್ತಾರೆ. ಅಂಟು ಒಣಗಿದ ಮಾರನೆಯ ದಿನ ಭಾರದ ಪರೀಕ್ಷೆ. "ಮನೇಲಿ ದಪ್ಪಗಿರೋ ನಾಲ್ವರು ಬನ್ನಿ" ಎಂದು ಕರೆದರೆ ಇಷ್ಟು ವರ್ಷಗಳಲ್ಲಿ ಒಬ್ಬರೂ ಎದ್ದು ಬಂದಿಲ್ಲ. ಹಾಗಾಗಿ ಮರಳಿನ ಮೂಟೆಗಳನ್ನೇ ಕೂರಿಸಿ ತೂಗುತ್ತಾರೆ. ಇಷ್ಟು ಪುಕ್ಕಲುತನ ಯಾಕೆಂದು ಕೇಳಿದರೆ ಇನ್ನೊಂದು ಮೂಟೆ ಏರಿಸುತ್ತಾರೆ. ಮದುವೆಯಾದ ಹೊಸದರಲ್ಲಿ, ಹೆಂಡತಿ ಹಂಸಾಬೆನ್‌ರನ್ನು ಕೂರಿಸುವ ಆತುರದಲ್ಲಿ, ತಮ್ಮ ಮನೆಯ ತೂತನ್ನು ಅವರು ಊದಿರಲಿಲ್ಲ. ಮೂರನೆಯ ಜೀಕಿಗೇ ಬೋಲ್ಟು ಕಿತ್ತು ಬಂತು. ಹಂಸಾಬೆನ್ ಅಂದಿನಿಂದ ಕುಂಟುತ್ತಾರೆ. ಕೇಳಿದವರಿಗೆಲ್ಲ "ಬಚ್ಚಲಲ್ಲಿ ಜಾರಿದೆ" ಎನ್ನುತ್ತಾರೆ. ಈಗ ಆ ಮನೆಯಲ್ಲೂ ಆರು ಸಲ ಪರೀಕ್ಷೆ ಮಾಡಿದ ಉಯ್ಯಾಲೆಯಿದೆ. ಸಂಜೆ ಆಕೆ ಕೂತರೆ, ತೂಗುವ ನೆವದಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಜಯಸುಖಭಾಯಿ ಎರಡೂ ಕೈಯಲ್ಲಿ ಸರಪಳಿಯನ್ನು ಬಿಗಿಯಾಗಿ ಹಿಡಿದಿರುತ್ತಾರೆ. "ಏನ್ರೀ, ನೀವು ಕೈ ಬಿಟ್ರೆ ತಾನೇ ಇದು ತೂಗೋದು!" ಎಂದು ಹಂಸಾಬೆನ್ ದಿನಾ ಗದರುತ್ತಾರೆ.