ಮೈಕಣ್ಣನ ಮಾತಿಲ್ಲದ ಪಾರ್ಟು

ನೀರು ಸರಬರಾಜು ಕಚೇರಿಯ ಮೀಟರ್ ರಿಪೇರಿ ವಿಭಾಗದಲ್ಲಿ ಯಾರ ಮನೆಯಲ್ಲಿ ಏನೇ ನಡೆದರೂ ಅದು ಮೈಕಣ್ಣನ ಬಾಯಿಗೆ ಬಿದ್ದ ಮೇಲೆಯೇ ನಡೆದಂತೆ ಲೆಕ್ಕ. ಮದುವೆ, ಮಗು, ಹೊಸ ಮನೆ, ಹೊಸ ಸ್ಕೂಟರ್, ಅತ್ತೆಯ ಕಣ್ಣಿನ ಆಪರೇಷನ್, ಯಾವುದಾದರೂ ಸರಿ. ಮಧ್ಯಾಹ್ನದ ಟೀ ಹೊತ್ತಿಗೆ ಬಿಚ್ಚಿಟ್ಟ ಮೀಟರುಗಳನ್ನು ಮೇಜಿನ ಒಂದು ಮೂಲೆಗೆ ತಳ್ಳಿ, ಕೇಕೋ ಬಿಸ್ಕತ್ತೋ ಇಟ್ಟು, ಎಲ್ಲರೂ ಸುತ್ತ ನಿಲ್ಲುತ್ತಿದ್ದರು. ಆಗ ಯಾರಾದರೊಬ್ಬರು, "ಅಣ್ಣ, ಎರಡು ಮಾತು," ಎಂದರಾಯಿತು. ವಿಭಾಗದ ಮೇಲ್ವಿಚಾರಕರಾದ ಮೈಕಣ್ಣ ಗಂಟಲು ಸರಿಮಾಡಿಕೊಂಡು ಮುಂದೆ ಬರುತ್ತಿದ್ದರು. ಎರಡು ಮಾತು ಇನ್ನೂರಾಗುತ್ತಿತ್ತು. ಟೀ ಆರಿ ತಣ್ಣಗಾಗುತ್ತಿತ್ತು. ಕೇಕಿನ ಮೇಲೆ ನೊಣ ಕೂತು, ಬೇಜಾರಾಗಿ ಎದ್ದು ಹೋಗುತ್ತಿತ್ತು.

ಮೈಕಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೈಕು ಮತ್ತು ಅಣ್ಣ ಎರಡೂ ಸೇರಿ ಆದದ್ದು. ಅವರಿಗೆ ಮೈಕಿನ ಅಗತ್ಯವೇ ಇರಲಿಲ್ಲ ಎಂಬುದು ಬೇರೆ ಮಾತು. ಅವರು ಗುಟ್ಟು ಹೇಳಿದರೂ ಪಕ್ಕದ ಕಟ್ಟಡದವರು ತಲೆಯೆತ್ತಿ ನೋಡುತ್ತಿದ್ದರು. ಕ್ಯಾಷಿಯರ್‌ಗೆ ಮೂರನೆಯ ಮಗುವಾದಾಗ ಇದೇ ಮೈಕಣ್ಣ, "ಇವರ ಈ ಉತ್ಸಾಹ ಹೀಗೇ ಮುಂದುವರಿಯಲಿ," ಎಂದು ಹರಸಿ, ಕ್ಯಾಷಿಯರ್ ಒಂದು ವಾರ ಯಾರಿಗೂ ಮುಖ ತೋರಿಸದಂತೆ ಮಾಡಿದ್ದರು. ಟೈಪಿಸ್ಟ್ ಹುಡುಗಿ ಸ್ಕೂಟರ್ ಕೊಂಡಾಗ ಚಕ್ರವನ್ನು ಕಂಡುಹಿಡಿದ ಕಾಲದಿಂದ ಶುರು ಮಾಡಿದ್ದರು. ಪಾಪ, ಆಕೆಯ ಸ್ಕೂಟರಿನವರೆಗೆ ಬರುವಷ್ಟರಲ್ಲಿ ಕಚೇರಿಯ ಹೊತ್ತೇ ಮುಗಿದಿತ್ತು.

ಜನ ನಗುತ್ತಿದ್ದರು, ಆಕಳಿಸುತ್ತಿದ್ದರು. ಆದರೆ ಮೈಕಣ್ಣನ ಮನಸ್ಸಿನೊಳಗೆ ಒಂದು ನೋವಿತ್ತು. ಅದನ್ನು ಯಾರಿಗೂ ಹೇಳಿಕೊಂಡವರಲ್ಲ. ಮಗಳ ಮದುವೆಗೆ ಕಚೇರಿಯವರೆಲ್ಲ ಬಂದಿದ್ದರು, ಉಂಡಿದ್ದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅಣ್ಣ, ನೀವೇ ಮಾತಾಡ್ಬಿಡಿ. ನಿಮ್ಮಷ್ಟು ಚೆನ್ನಾಗಿ ನಮಗೆಲ್ಲಿ ಬರತ್ತೆ?" ಎಂದಿದ್ದರು. ಕೆಲಸಕ್ಕೆ ಸೇರಿ ಇಪ್ಪತ್ತೈದು ವರ್ಷವಾದಾಗಲೂ ಅದೇ ಕಥೆ. ತನ್ನನ್ನು ತಾನೇ ಎಷ್ಟೆಂದು ಹೊಗಳಿಕೊಳ್ಳಲು ಸಾಧ್ಯ? "ನಮಸ್ಕಾರ, ಟೀ ಕುಡೀರಿ," ಎಂದು ಕೂತುಬಿಟ್ಟಿದ್ದರು. "ಇವತ್ತು ಅಣ್ಣನಿಗೆ ಮೈ ಹುಷಾರಿಲ್ಲ ಅನ್ಸತ್ತೆ," ಎಂದರು ಎಲ್ಲರೂ. ತನ್ನ ಬಗ್ಗೆ ಯಾರಾದರೂ ಬಾಯಿಬಿಟ್ಟು ನಾಲ್ಕು ಒಳ್ಳೆಯ ಮಾತಾಡಬೇಕು, ಅದನ್ನು ತಾನು ಸುಮ್ಮನೆ ಕೂತು ಕೇಳಬೇಕು. ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಆಸೆ.

ಅಂಥ ಹೊತ್ತಿನಲ್ಲಿ ಬಡಾವಣೆಯ ಹವ್ಯಾಸಿ ನಾಟಕ ತಂಡದವರು ಪಾತ್ರಧಾರಿಗಳು ಬೇಕೆಂದು ಗ್ರಂಥಾಲಯದ ಬಾಗಿಲಿಗೆ ಚೀಟಿ ಅಂಟಿಸಿದರು. ತಂಡದ ಯಜಮಾನಿಕೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರದ್ದು. ಮೈಕಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಮೇಷ್ಟ್ರು ಪರೀಕ್ಷೆಗೆಂದು ಒಂದೇ ಒಂದು ಸಾಲು ಕೊಟ್ಟರು: "ಯಾರದು ಬಾಗಿಲಲ್ಲಿ?"

ಮೈಕಣ್ಣ ಎದೆ ಸೆಟೆಸಿ, "ಯಾರದು ಬಾಗಿಲಲ್ಲಿ? ಬಾಗಿಲಲ್ಲಿ ನಿಂತಿರುವ ಮಾನ್ಯರೇ, ತಮ್ಮ ಅಮೂಲ್ಯವಾದ ಸಮಯವನ್ನು ಬದಿಗಿಟ್ಟು..." ಎಂದು ಹೊರಟರು.

ಮೇಷ್ಟ್ರು ಎರಡೂ ಕೈ ಎತ್ತಿದರು. "ಸಾಕು ಸಾರ್, ಸಾಕು. ನಿಮಗೆ ಒಂದು ಪಾರ್ಟು ಇದೆ. ಹೆಣದ್ದು."

ಮೈಕಣ್ಣನಿಗೆ ಮೈಯೆಲ್ಲ ಉರಿದುಹೋಯಿತು. "ಏನ್ರೀ, ತಮಾಷೆ ಮಾಡ್ತಿದ್ದೀರಾ? ನನ್ನ ಬಾಯಿ ಏನು ಅಂತ ನಮ್ಮ ಆಫೀಸಲ್ಲಿ ಹೋಗಿ ಕೇಳಿ!"

"ಅದನ್ನ ಇಲ್ಲೇ ಕೇಳಿದ್ನಲ್ಲ," ಎಂದರು ಮೇಷ್ಟ್ರು. "ನೋಡಿ, ಪರದೆ ಏಳೋ ಹೊತ್ತಿಗೆ ಮನೆ ಯಜಮಾನ ತೀರ್ಕೊಂಡಿರ್ತಾನೆ. ಹೆಂಡತಿ, ತಮ್ಮ, ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಂದು ಅವನ ಬಗ್ಗೆ ಮಾತಾಡ್ತಾರೆ. ಪರದೆ ಬೀಳೋವರೆಗೂ ಬರೀ ಅವನದ್ದೇ ಮಾತು. ನೀವು ಸುಮ್ನೆ ಮಲಗಿ ಕೇಳ್ಬೇಕು, ಅಷ್ಟೇ."

ಹೊರಡಲೆಂದು ಬಾಗಿಲತ್ತ ತಿರುಗಿದ್ದ ಮೈಕಣ್ಣ ನಿಂತರು. "ಒಳ್ಳೇ ಮಾತಾಡ್ತಾರಾ?"

"ಹೊಗಳಿ ಅಟ್ಟಕ್ಕೇರಿಸ್ತಾರೆ ಸಾರ್."

ಮೈಕಣ್ಣ ಒಪ್ಪಿಕೊಂಡರು.

ತಾಲೀಮು ಶುರುವಾಯಿತು. ತಮ್ಮನ ಪಾರ್ಟು ಔಷಧಿ ಅಂಗಡಿಯವನದ್ದು. ಅವನು ಮಂಚದ ಪಕ್ಕ ಕುಸಿದು ಕೂತು, "ನಮ್ಮಣ್ಣ ಒಬ್ಬರ ಮನಸ್ಸು ನೋಯಿಸಿದವನಲ್ಲ. ಊರಿನವರ ಕಷ್ಟವನ್ನೆಲ್ಲ ತನ್ನದು ಅಂದುಕೊಂಡ. ಇಂಥ ಅಣ್ಣ ಇನ್ನೆಲ್ಲಿ ಸಿಗ್ತಾನೆ?" ಎಂದಾಗ ಮೈಕಣ್ಣನಿಗೆ ಎಂಥ ಸುಖ! ನಾಟಕದ ಮಾತು ಎಂದು ಗೊತ್ತಿದ್ದರೂ ಮುಖ ಅರಳಿಬಿಡುತ್ತಿತ್ತು. "ಸಾರ್, ಹೆಣ ನಗ್ತಾ ಇದೆ," ಎಂದು ಮೇಷ್ಟ್ರು ಕೂಗುತ್ತಿದ್ದರು. ಎಲ್ಲರ ಮಾತೂ ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು.

ಮನೆಯಲ್ಲೂ ಅಭ್ಯಾಸ ನಡೆಯಿತು. ಸಂಜೆ ಬಂದವರೇ ಮಂಚದ ಮೇಲೆ ಕಣ್ಣುಮುಚ್ಚಿ ಅಲುಗಾಡದೆ ಮಲಗುತ್ತಿದ್ದರು. ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಬ್ಲೌಸ್ ಹೊಲಿಯುತ್ತಿದ್ದಳು. "ಮದುವೆ ಆದಾಗಿನಿಂದ ಈ ಮಿಷನ್ ಸದ್ದು ನನಗೆ ಸರಿಯಾಗಿ ಕೇಳಿಸಿದ್ದು ಇವಾಗ್ಲೇ ಕಣ್ರೀ," ಎಂದಳು ಒಂದು ದಿನ. "ಪುಣ್ಯಾತ್ಮರು ಆ ಮೇಷ್ಟ್ರು. ಈ ನಾಟಕ ವರ್ಷಪೂರ್ತಿ ಆಡೋಕಾಗಲ್ವಾ?"

ಕಚೇರಿಯಲ್ಲಿ ಮಾತ್ರ ಮೈಕಣ್ಣ ಹೆಣದ ಸುದ್ದಿ ಎತ್ತಲಿಲ್ಲ. "ಮುಖ್ಯ ಪಾತ್ರ. ಪರದೆ ಎದ್ದಾಗಿನಿಂದ ಬೀಳೋವರೆಗೆ ನಾನು ಸ್ಟೇಜ್ ಬಿಟ್ಟು ಕದಲೋ ಹಾಗೇ ಇಲ್ಲ," ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ! ಕಚೇರಿಗೆ ಟೀ ಮಾಡಿಕೊಡುವ ಟೀ ಅಕ್ಕ ಲೋಟ ಇಡುತ್ತಾ ಗಾಬರಿಯಿಂದ, "ಅಯ್ಯೋ ಶಿವನೇ, ಹಾಗಾದ್ರೆ ಊಟ ಕಟ್ಕೊಂಡೇ ಬರ್ಬೇಕು," ಎಂದರು.

ಭಾನುವಾರ ಸಂಜೆ ಗ್ರಂಥಾಲಯದ ಸಭಾಂಗಣ ತುಂಬಿತು. ಎರಡನೆಯ ಸಾಲಿನ ತುಂಬಾ ಮೀಟರ್ ವಿಭಾಗ. ಪರದೆ ಎದ್ದಿತು. ನಡುವೆ ಒಂದು ಮಂಚ, ಅದರ ಮೇಲೆ ಕತ್ತಿನವರೆಗೆ ಬಿಳಿ ಹೊದಿಕೆ ಹೊದ್ದ ಮೈಕಣ್ಣ.

"ಯಾವಾಗ ಏಳ್ತಾರೆ?" ಎಂದಳು ಟೈಪಿಸ್ಟ್, ಕ್ಯಾಷಿಯರ್ ಕಿವಿಯಲ್ಲಿ.

"ತಡಿಯಮ್ಮ, ಈಗ ಅಲಾರಂ ಹೊಡಿಯತ್ತೆ ನೋಡು," ಎಂದ ಕ್ಯಾಷಿಯರ್.

ಅಲಾರಂ ಹೊಡೆಯಲಿಲ್ಲ. ರಂಗದ ಮೇಲಿನ ಹೆಂಡತಿ ಓಡಿಬಂದು, "ಅಯ್ಯೋ, ನಮ್ಮನ್ನೆಲ್ಲ ಬಿಟ್ಟು ಹೋಗ್ಬಿಟ್ರಾ!" ಎಂದು ಎದೆ ಬಡಿದುಕೊಂಡಳು. ಎರಡನೆಯ ಸಾಲಿನವರಿಗೆಲ್ಲ ಒಟ್ಟಿಗೇ ಅರ್ಥವಾಯಿತು. ಕ್ಯಾಷಿಯರ್ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ, ಆದರೂ ನಗು ಮೂಗಿನಿಂದ ಬಂತು. ಟೈಪಿಸ್ಟ್ ಬಗ್ಗಿ ಚಪ್ಪಲಿ ಹುಡುಕುವವಳಂತೆ ನಕ್ಕಳು. ಆ ಸಾಲಿನಿಂದ ನಗು ಹಿಂದಿನ ಸಾಲಿಗೆ ಹಬ್ಬಿತು. ರಂಗದ ಮೇಲಿನವಳು ಅತ್ತಷ್ಟೂ ಸಭಿಕರು ನಕ್ಕರು.

ಕಣ್ಣುಮುಚ್ಚಿ ಮಲಗಿದ್ದ ಮೈಕಣ್ಣ ಒಬ್ಬೊಬ್ಬರ ನಗುವನ್ನೂ ಗುರುತು ಹಿಡಿದರು. ಇದು ಕ್ಯಾಷಿಯರ್, ಇದು ಟೈಪಿಸ್ಟ್, ಇದು ಆಫೀಸಿನ ಸಾಹೇಬರು. ಇಷ್ಟು ವರ್ಷ ಇವರ ಸಂತೋಷಕ್ಕೆಲ್ಲ ಬಾಯಿ ನೋಯಿಸಿಕೊಂಡೆ, ನಾನು ಸತ್ತರೆ ಹೀಗೆ ನಗುತ್ತಾರಲ್ಲ ಎನಿಸಿತು. ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿ ಬಿಗಿಯಾಗಿ ಮಲಗಿದರು. ಇರಲಿ, ಇನ್ನೇನು ತಮ್ಮ ಬರುತ್ತಾನೆ, ಅವನ ಮಾತು ಒಂದನ್ನು ಇವರೆಲ್ಲರ ಎದುರಿಗೆ ಕೇಳಿಸಿಕೊಂಡುಬಿಟ್ಟರೆ ಸಾಕು.

ತಮ್ಮ ಬಂದ. ನಗುವ ಸಭೆ ನೋಡಿದ್ದೇ ತಡ, ಔಷಧಿ ಅಂಗಡಿಯವನಿಗೆ ಮಾತೆಲ್ಲ ಮರೆತುಹೋಯಿತು. ಮಂಚದ ಪಕ್ಕ ಕುಸಿದು ಕೂತು, "ನಮ್ಮಣ್ಣ..." ಎಂದ. ತಡೆದ. "ನಮ್ಮಣ್ಣ..." ಎಂದು ಇನ್ನೊಮ್ಮೆ ಎಂದ. ಪರದೆಯ ಮರೆಯಿಂದ ಮೇಷ್ಟ್ರು ಪಿಸುಗುಟ್ಟಿದ್ದು ಅವನ ಕಿವಿಗೆ ಬೀಳಲಿಲ್ಲ. "ನಮ್ಮಣ್ಣ..." ಎಂದು ಕೈ ಹಿಸುಕಿಕೊಂಡ. ನಾಟಕ ನಿಂತೇಹೋಯಿತು.

ಮೈಕಣ್ಣನಿಗೆ ತಡೆಯಲಾಗಲಿಲ್ಲ. ತುಟಿ ಅಲುಗಿಸದೆ, ಅವನೊಬ್ಬನಿಗೇ ಕೇಳುವಂತೆ ಪಿಸುಗುಟ್ಟೋಣ ಎಂದುಕೊಂಡರು. ಆದರೆ ಅದು ಮೈಕಣ್ಣನ ಪಿಸುಮಾತು ನೋಡಿ!

"ಒಬ್ಬರ ಮನಸ್ಸು ನೋಯಿಸಿದವನಲ್ಲ!" ಎಂದು ಹೆಣ ಗುಡುಗಿತು. ಸಭಾಂಗಣದ ಹಿಂದಿನ ಗೋಡೆಗೆ ಬಡಿದು ವಾಪಸು ಬಂತು ಆ ಮಾತು.

ಸಭೆ ಬಿದ್ದು ಬಿದ್ದು ನಕ್ಕಿತು. ಮೈಕಣ್ಣನಿಗೆ ನಾಚಿಕೆಯಿಂದ ಪ್ರಾಣ ಹೋದಂತಾಯಿತು. ಸತ್ತ ಮೇಲೂ ತನ್ನನ್ನು ತಾನೇ ಹೊಗಳಿಕೊಳ್ಳಬೇಕಾಯಿತಲ್ಲ! ಇನ್ನು ಎದ್ದು ಮನೆಗೆ ಹೋಗಿಬಿಡೋಣ ಎಂದು ಹೊದಿಕೆಯ ಕೆಳಗೆ ಕೈ ಊರಿದರು.

"ಅಣ್ಣ, ಬಾಯ್ಮುಚ್ಕೊಂಡು ಮಲಗಿ," ಎಂಬ ದನಿ ಬಂತು. ಎರಡನೆಯ ಸಾಲಿನಲ್ಲಿ ಟೀ ಅಕ್ಕ ಎದ್ದು ನಿಂತಿದ್ದರು. "ಯಾವಾಗ ನೋಡಿದ್ರೂ ನೀವೇ ಮಾತಾಡ್ಬೇಕಾ? ಈಗ ನಾನು ಮಾತಾಡ್ತೀನಿ."

ಮೈಕಣ್ಣ ಊರಿದ ಕೈ ತೆಗೆದರು.

"ನನ್ ಮಗಳು ಕೆಲಸಕ್ಕೆ ಸೇರಿದಾಗ ನಾನು ಆಫೀಸಲ್ಲಿ ಯಾರಿಗೂ ಹೇಳಿರ್ಲಿಲ್ಲ," ಎಂದರು ಟೀ ಅಕ್ಕ. ಕೈಯಲ್ಲಿ ಊಟದ ಡಬ್ಬಿಯ ಚೀಲ ಇತ್ತು. "ಟೀ ಮಾಡೋಳ ಮಗಳು ಕೆಲಸಕ್ಕೆ ಸೇರಿದ್ರೆ ಯಾರಿಗೇನು? ಈ ಮನುಷ್ಯ ಹೇಗೋ ಪತ್ತೆ ಮಾಡಿದ್ರು. ನನ್ನನ್ನ ಎಲ್ಲರ ಮುಂದೆ ಕುರ್ಚೀಲಿ ಕೂರಿಸಿದ್ರು. ಅವತ್ತು ಸಾಹೇಬ್ರ ಕೈಲಿ ಟೀ ಮಾಡಿಸಿದ್ರು. ಅದನ್ನ ಬಾಯಿಗಿಡೋಕಾಗ್ಲಿಲ್ಲ, ಆ ಮಾತು ಬಿಡಿ. ಆಮೇಲೆ ನನ್ ಮಗಳ ಬಗ್ಗೆ ಮಾತಾಡಿದ್ರು ನೋಡಿ, ಮುಕ್ಕಾಲು ಪಾಲು ಸುಳ್ಳು! ಇವರು ಅವಳ ಮುಖಾನೇ ನೋಡಿರ್ಲಿಲ್ಲ. ಆದ್ರೆ ಅವಳ ಬಗ್ಗೆ ಅಷ್ಟು ಹೊತ್ತು ಯಾರೂ ಮಾತಾಡಿರ್ಲಿಲ್ಲ, ಹೆತ್ತ ಅಪ್ಪನೂ ಮಾತಾಡಿರ್ಲಿಲ್ಲ. ಅವತ್ತು ಬಸ್ಸಲ್ಲಿ ಸೀಟು ಖಾಲಿ ಇದ್ರೂ ನಾನು ನಿಂತ್ಕೊಂಡೇ ಹೋದೆ. ಸಂತೋಷಕ್ಕೆ ಕೂರೋಕೇ ಆಗ್ಲಿಲ್ಲ."

ಸಭೆಯಲ್ಲಿ ನಗು ನಿಂತಿತ್ತು. ಹಿಂದಿನವರು ಇದೂ ನಾಟಕದ ಭಾಗವೇ ಎಂದುಕೊಂಡು ಕತ್ತು ಚಾಚಿ ನೋಡುತ್ತಿದ್ದರು.

"ನಾವೆಲ್ಲ ಇವರ ಬಗ್ಗೆ ಯಾವತ್ತೂ ಒಂದು ಮಾತಾಡ್ಲಿಲ್ಲ. ಯಾಕೆ ಅಂದ್ರೆ, ಇವರು ನಮಗೆ ಮಾತಾಡೋಕೆ ಬಿಟ್ರೆ ತಾನೇ ಅಂತೀವಿ. ಅದೂ ಸುಳ್ಳೇ. ನಮಗೆ ಹೊಳೀಲೇ ಇಲ್ಲ, ಅಷ್ಟೇ." ಟೀ ಅಕ್ಕ ಚೀಲವನ್ನು ಆ ಕೈಯಿಂದ ಈ ಕೈಗೆ ತೆಗೆದುಕೊಂಡರು. "ಒಳ್ಳೇ ಮನುಷ್ಯ ಕಣ್ರಪ್ಪ. ನನಗೆ ಇಷ್ಟೇ ಮಾತಾಡೋಕೆ ಬರೋದು."

ಕ್ಯಾಷಿಯರ್ ಕರವಸ್ತ್ರವನ್ನು ಈಗ ಕಣ್ಣಿಗೆ ಒತ್ತಿಕೊಂಡಿದ್ದ. ಅವನೂ ಎದ್ದು, "ನಂದೂ ಒಂದಿದೆ," ಎಂದ. ಅವನ ಹಿಂದೆ ಟೈಪಿಸ್ಟ್ ಎದ್ದಳು. ಇದು ಹೀಗೇ ಬಿಟ್ಟರೆ ಇಡೀ ಮೀಟರ್ ವಿಭಾಗ ರಂಗಕ್ಕೇರುತ್ತದೆ ಎಂದು ಹೆದರಿದ ಮೇಷ್ಟ್ರು ಹಗ್ಗ ಎಳೆದು ಪರದೆ ಬಿಟ್ಟರು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ಇಂಥ ಹೊಸ ಥರದ ನಾಟಕವನ್ನು ತಾವು ಕಂಡೇ ಇಲ್ಲ ಎಂದು ಗ್ರಂಥಪಾಲಕರು ಮೇಷ್ಟ್ರ ಕೈ ಕುಲುಕಿದರು. ಮೇಷ್ಟ್ರು ಎಲ್ಲ ತಾನೇ ಮಾಡಿಸಿದ್ದು ಎಂಬಂತೆ ತಲೆಯಾಡಿಸಿದರು.

ಪರದೆಯ ಹಿಂದೆ ಮೈಕಣ್ಣ ಏಳಲೇ ಇಲ್ಲ. ಔಷಧಿ ಅಂಗಡಿಯವನು ಬಂದು ತಪ್ಪಾಯಿತು ಎಂದು ಹೇಳಿ ಹೋದ. ದೀಪಗಳನ್ನು ಬಿಚ್ಚುವವರು ಮಂಚವನ್ನು ಸುತ್ತಿಕೊಂಡು ಓಡಾಡಿದರು. ಕೊನೆಗೆ, ನಾಟಕ ನೋಡಲು ಬಂದಿದ್ದ ಅವರ ಹೆಂಡತಿ ಮೆಟ್ಟಿಲು ಹತ್ತಿ ಬಂದು ಹೊದಿಕೆ ಸರಿಸಿದಳು. ಮೈಕಣ್ಣನ ಕಣ್ಣೀರು ಎರಡೂ ಕಡೆ ಇಳಿದು ಕಿವಿ ತುಂಬಿತ್ತು.

"ಏಳ್ರೀ, ಮನೆಗೆ ಹೋಗೋಣ. ಹೊರಗಡೆ ನಿಮ್ಮವರೆಲ್ಲ ಕಾಯ್ತಾ ನಿಂತಿದ್ದಾರೆ."

ಮೈಕಣ್ಣ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ನೋಡಿದರು, ಆಗಲೂ ಹೊರಡಲಿಲ್ಲ. ಆಮೇಲೆ ನಿಜವಾಗಿಯೂ ಪಿಸುದನಿಯಲ್ಲಿ, ಹೆಂಡತಿ ಬಗ್ಗಿ ಕಿವಿಗೊಡಬೇಕಾದಷ್ಟು ಮೆಲ್ಲಗೆ ಕೇಳಿದರು:

"ಅಕ್ಕ ಏನೇನಂದ್ರು? ಇನ್ನೊಂದ್ಸಲ ಹೇಳು."

ಅವಳು ಸೆರಗಿನಿಂದ ಅವರ ಕಿವಿ ಒರೆಸಿ, ಮಂಚದ ಅಂಚಿನಲ್ಲಿ ಕೂತು, ಮೊದಲಿನಿಂದ ಹೇಳತೊಡಗಿದಳು. ಅಕ್ಕನ ಮಾತು ಮುಗಿದ ಮೇಲೂ ಅವಳು ನಿಲ್ಲಿಸಲಿಲ್ಲ.